ಶೂ ಮೊದಲು ಗೆರೆ ದಾಟಿದರೂ ಸೋತದ್ದು ಹೇಗೆ? ಈ ಫೋಟೋ ಫಿನಿಶ್ ಚಿತ್ರ ಯಾರಾದರೂ ಬಿಡಿಸಿ ಹೇಳಿ

ಕರೆಬದಿ ಕ್ಯಾಮೆರಾ ಕೇಳಿದ್ದು:

ನಮಸ್ಕಾರ. ನಾನು ಮೂಡುಬಿದಿರೆ ಕಡೆಯವನು. ಹೊಟ್ಟೆಪಾಡಿಗೆ ಮದುವೆ, ಗೃಹಪ್ರವೇಶ, ಪಾಸ್‌ಪೋರ್ಟ್ ಫೋಟೋ. ಕಂಬಳದ ಸೀಸನ್ನಿನಲ್ಲಿ ಮಾತ್ರ ಶನಿವಾರ ರಾತ್ರಿಯೆಲ್ಲ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಸುತ್ತಿಕೊಂಡು ಕರೆ (ಕೋಣ ಓಡುವ ಕೆಸರಿನ ಓಟದ ದಾರಿ) ಬದಿಯಲ್ಲಿ ನಿಂತಿರ್ತೇನೆ. ಓಡುವುದನ್ನು ಹಿಡಿಯುವುದು ನನಗೆ ಹೊಸತಲ್ಲ ಅಂತ ಹೇಳಲಿಕ್ಕೆ ಇಷ್ಟು ಪೀಠಿಕೆ.

ಮೊನ್ನೆ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಸುಮ್ನೆ ಮೊಬೈಲ್ ಒತ್ತುತ್ತಾ ಕೂತಾಗ 2024ರ ಪ್ಯಾರಿಸ್ ಒಲಿಂಪಿಕ್ಸಿನ ಗಂಡಸರ 100 ಮೀಟರ್ ಓಟದ ಫೋಟೋ ಫಿನಿಶ್ ಚಿತ್ರ, ಅಂದರೆ ಗೆರೆ ಯಾರು ಮೊದಲು ದಾಟಿದರು ಅಂತ ನೋಡುವ ಚಿತ್ರ, ಸಿಕ್ಕಿತು. ನೋಹ್ ಲೈಲ್ಸ್ ಗೆದ್ದ ಓಟ. ಅವನದು 9.784, ಜಮೈಕಾದ ಕಿಶೇನ್ ಥಾಂಪ್ಸನ್‌ದು 9.789. ಸೆಕೆಂಡಿನ ಸಾವಿರದಲ್ಲಿ ಐದು ಭಾಗ! ಸರಿ, ಅಷ್ಟು ಅರ್ಥವಾಯಿತು. ಆದರೆ ಚಿತ್ರ ನೋಡಿದಷ್ಟೂ ತಲೆ ಕೆಡ್ತಾ ಉಂಟು.

ಥಾಂಪ್ಸನ್ನನ ಶೂ ಮುಂದೆ ಇದೆ, ಆದರೂ ಅವನು ಎರಡನೆಯವನು. ಒಬ್ಬೊಬ್ಬರ ಕೈಕಾಲು ತೆಳ್ಳಗೆ ಕಡ್ಡಿ, ಇನ್ನು ಕೆಲವರ ಶೂ ದೋಣಿಯಷ್ಟು ಉದ್ದ. ಆ ಸ್ಟೇಡಿಯಮ್ಮಿನ ಟ್ರ್ಯಾಕ್ ನೇರಳೆ ಬಣ್ಣದ್ದು, ಟೀವಿಯಲ್ಲಿ ನಾನೇ ನೋಡಿದ್ದೇನೆ. ಚಿತ್ರದಲ್ಲಿ ಬರೀ ಬೆಳ್ಳಗೆ. ಗೆರೆಯೂ ಇಲ್ಲ, ಜನರೂ ಇಲ್ಲ. ಇದು ಫೋಟೋವೋ, ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸಿದ್ದೋ?

ಕೇಳಲಿಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ತಾಲೂಕಿನ ಶಾಲೆಗಳ ಕ್ರೀಡಾಕೂಟದಲ್ಲಿ ಹುಡುಗರ 100 ಮೀಟರ್. ನಾನು ಗೆರೆಯಿಂದ ಮೂರು ಹೆಜ್ಜೆ ಮುಂದೆ ನಿಂತು, ಓಡಿ ಬರುವವರ ಕಡೆಗೆ ತಿರುಗಿ, ಸೆಕೆಂಡಿಗೆ 10 ಫೋಟೋ ಹಾಗೆ ಪಟಪಟ ಅಂತ ಹೊಡೆದೆ. ತೀರ್ಪುಗಾರರು 2ನೇ ಲೇನಿನ ಹುಡುಗ ಫಸ್ಟ್ ಅಂದರು. ನನ್ನ ಫೋಟೋದಲ್ಲಿ ಆಚೆ ಬದಿಯ 6ನೇ ಲೇನಿನವನು ಸ್ಪಷ್ಟವಾಗಿ ಮುಂದೆ ಇದ್ದಾನೆ. ನಾನು ಏನು ಮಾಡಿದೆ ಗೊತ್ತಾ? "ಸಾಕ್ಷಿ ಇಲ್ಲುಂಟು" ಅಂತ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ. ಪಾಪ, ಪೀಟಿ ಮಾಸ್ಟ್ರಿಗೆ ಎಲ್ಲರೂ ಸೇರಿ ಬೈದರು. 6ನೇ ಲೇನಿನ ಹುಡುಗನ ಅಪ್ಪ ನನ್ನ ಸ್ಟುಡಿಯೋಕ್ಕೇ ಬಂದು 8-12 ಸೈಜಿನ ಪ್ರಿಂಟ್ ಹಾಕಿಸಿಕೊಂಡು ಹೋದರು. ನಾನು ಹೆಮ್ಮೆಯಲ್ಲಿ ದುಡ್ಡೂ ತಗೊಳ್ಳಲಿಲ್ಲ.

ಈಗ ಈ ಪ್ಯಾರಿಸ್ ಚಿತ್ರ ನೋಡಿದ ಮೇಲೆ ಒಳಗೆ ಸ್ವಲ್ಪ ಪುಕುಪುಕು. ಗೊತ್ತಿದ್ದವರು ಹೇಳಿ ಮಾರಾಯ್ರೆ.

ಸಾರ್ಟೆಕ್ಸ್ ರಿಪೇರಿ ಉತ್ತರಿಸಿದ್ದು:

ಸರ್, ನಾನು ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಸಾರ್ಟೆಕ್ಸ್ ಮೆಷಿನ್ ರಿಪೇರಿ ಮಾಡುತ್ತೇನೆ. ಕ್ರೀಡೆಗೂ ನನಗೂ ಸಂಬಂಧ ಇಲ್ಲ. ಆದರೆ ನೀವು ತೋರಿಸಿದ ಕ್ಯಾಮೆರಾದ ತಮ್ಮನ ಜೊತೆ ನಾನು ದಿನಾ ಇರುತ್ತೇನೆ.

ಸಾರ್ಟೆಕ್ಸ್‌ನಲ್ಲಿ ಅಕ್ಕಿ ಮೇಲಿಂದ ಜಾರಿ ಬೀಳುತ್ತದೆ. ಒಳಗಿರುವ ಕ್ಯಾಮೆರಾ ಪೂರ್ತಿ ಅಕ್ಕಿಯ ರಾಶಿ ನೋಡುವುದಿಲ್ಲ. ಒಂದು ಗೆರೆ ಮಾತ್ರ ನೋಡುತ್ತದೆ, ಕೂದಲಿನಷ್ಟು ಸಣ್ಣ ಗೆರೆ. ಆ ಗೆರೆಯನ್ನು ದಾಟುವಾಗ ಕಾಳು ಕಪ್ಪಗಿದ್ದರೆ ಪಕ್ಕದಿಂದ ಗಾಳಿ ಊದಿ ಅದನ್ನು ಹಾರಿಸುತ್ತದೆ. ಅದಕ್ಕೆ ಗೆರೆಯ ಆಚೆ ಏನಿದೆ, ಈಚೆ ಏನಿದೆ ಗೊತ್ತಿಲ್ಲ.

ಫೋಟೋ ಫಿನಿಶ್ ಕ್ಯಾಮೆರಾನೂ ಅಷ್ಟೇ. ನೀವು ಮುಚ್ಚಿದ ಬಾಗಿಲಿನ ಸಂದಿಯಿಂದ ತೇರು ನೋಡಿದ ಹಾಗೆ ಅಂದುಕೊಳ್ಳಿ. ಸಂದಿಯಲ್ಲಿ ಮೊದಲು ಹಗ್ಗ ಹಿಡಿದವರ ಮೂಗು ಕಾಣುತ್ತದೆ, ಆಮೇಲೆ ಕಿವಿ, ಆಮೇಲೆ ಬೆನ್ನು, ಆಮೇಲೆ ಚಕ್ರ. ಕಂಡ ಒಂದೊಂದು ಸೀಳನ್ನೂ ಪಕ್ಕಪಕ್ಕ ಅಂಟಿಸುತ್ತಾ ಹೋದರೆ ಕೊನೆಗೆ ಪೂರ್ತಿ ತೇರಿನ ಚಿತ್ರ ಬರುತ್ತದೆ. ಆದರೆ ಅದು ಒಂದು ಕ್ಷಣದ ಚಿತ್ರ ಅಲ್ಲ. ಅದರಲ್ಲಿ ಎಡಬಲ ಅಂದರೆ ಜಾಗ ಅಲ್ಲ, ಹೊತ್ತು.

ಹಳೇ ಕಾಲದಲ್ಲಿ ಫಿಲ್ಮ್ ರೋಲನ್ನೇ ಆ ಸೀಳಿನ ಹಿಂದೆ ಸರಿಸುತ್ತಿದ್ದರು. ಈಗ ಸೆನ್ಸರಿನ ಒಂದು ಸಾಲು. ಪ್ಯಾರಿಸ್ಸಿನಲ್ಲಿ ಇಟ್ಟಿದ್ದ ಕ್ಯಾಮೆರಾ ಸೆಕೆಂಡಿಗೆ 40,000 ಸೀಳು ತೆಗೆಯುವಂಥದ್ದು. ಹಿಂದೆ 2016ರ ರಿಯೋ ಒಲಿಂಪಿಕ್ಸಿನಲ್ಲಿ ಇದ್ದದ್ದು 10,000ದ್ದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಿನ್ನೆಲೆ ಬೆಳ್ಳಗಿದೆ, ಯಾಕೆಂದರೆ ಕ್ಯಾಮೆರಾ ನೋಡುತ್ತಿದ್ದದ್ದು ಬಿಳಿ ಗೆರೆಯನ್ನು ಮಾತ್ರ. ಗೆರೆಯ ಒಂದೇ ಸೀಳನ್ನು ಸಾವಿರಾರು ಸಲ ಪಕ್ಕಪಕ್ಕ ಇಟ್ಟರೆ ಪೂರ್ತಿ ಬಿಳಿ. ನೇರಳೆ ಟ್ರ್ಯಾಕನ್ನು ಅದು ನೋಡೇ ಇಲ್ಲ.

ಶೂ ದೋಣಿಯಾಗುವುದು ಇನ್ನೂ ಮಜಾ. ಓಡುವವನ ದೇಹ ಸೆಕೆಂಡಿಗೆ ಸುಮಾರು 11 ಮೀಟರ್ ಮುಂದೆ ಹೋಗುತ್ತಿದೆ. ಆದರೆ ನೆಲಕ್ಕೆ ಊರಿದ ಪಾದ? ಊರಿರುವಷ್ಟು ಹೊತ್ತು ಅದು ನಿಂತೇ ಇರುತ್ತದೆ, ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗ. ಆ ಪಾದ ಸರಿಯಾಗಿ ಗೆರೆ ಮೇಲೆ ಊರಿದರೆ ಅಷ್ಟೂ ಹೊತ್ತು ಕ್ಯಾಮೆರಾಕ್ಕೆ ಅದೇ ಶೂ ಕಾಣುತ್ತದೆ. ಚಿತ್ರದ ಅಳತೆಯಲ್ಲಿ ಅದು ಒಂದು ಮೀಟರಿಗೂ ಜಾಸ್ತಿ ಉದ್ದ. ಮುಂದಕ್ಕೆ ಬೀಸುತ್ತಿರುವ ಕಾಲು ದೇಹಕ್ಕಿಂತ ಜೋರಾಗಿ ದಾಟುತ್ತದೆ, ಅದಕ್ಕೇ ಕಡ್ಡಿ. ನಿಧಾನವಾದದ್ದು ಉದ್ದ, ಜೋರಾದದ್ದು ಸಣ್ಣ. ಜೆರಾಕ್ಸ್ ಅಂಗಡಿಯಲ್ಲಿ ಲೈಟ್ ಸರಿಯುವಾಗ ಪೇಪರ್ ಎಳೆದು ನೋಡಿ, ಇದೇ ಆಗುತ್ತದೆ.

ಇನ್ನೊಂದು ಹುಚ್ಚು ಸಂಗತಿ. ಆ ಗೆರೆಯನ್ನು ಯಾರಾದರೂ ಆ ಕಡೆಯಿಂದ ಈ ಕಡೆಗೆ ಓಡಿ ದಾಟಿದರೂ ಚಿತ್ರದಲ್ಲಿ ಉಳಿದವರ ದಿಕ್ಕಿಗೇ ಮುಖ ಮಾಡಿರುತ್ತಾರೆ! ಯಾಕೆಂದರೆ ಮೂಗು ಯಾವ ಕಡೆಯಿಂದ ಬಂದರೂ ಸಂದಿಗೆ ಮೊದಲು ಬರುವುದು ಮೂಗೇ.

ನಿಮ್ಮ ಕ್ಯಾಮೆರಾನೂ ಪೂರ್ತಿ ಸತ್ಯವಂತ ಅಲ್ಲ ಸರ್. ಲಾರ್ಟಿಗ್ ಅಂತ ಫ್ರಾನ್ಸಿನ ಫೋಟೋಗ್ರಾಫರ್ ಒಬ್ಬರು 1910ರ ದಶಕದಲ್ಲಿ ರೇಸ್ ಕಾರಿನ ಫೋಟೋ ತೆಗೆದಿದ್ದಾರೆ, ಹುಡುಕಿ ನೋಡಿ. ಕಾರಿನ ಚಕ್ರ ಮೊಟ್ಟೆಯ ಹಾಗೆ ಮುಂದಕ್ಕೆ ಬಾಗಿದೆ, ದಾರಿ ಬದಿಯ ಜನ ಹಿಂದಕ್ಕೆ ವಾಲಿದ್ದಾರೆ. ಕ್ಯಾಮೆರಾದೊಳಗಿನ ಪರದೆಯ ಸಂದಿ ಫಿಲ್ಮಿನ ಮೇಲೆ ಸರಿದು ಮುಗಿಯುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು, ಅವರು ಕ್ಯಾಮೆರಾ ತಿರುಗಿಸುತ್ತಲೂ ಇದ್ದರು. ಮೊಬೈಲಿನಲ್ಲಿ ಫ್ಯಾನಿನ ರೆಕ್ಕೆ ಬಾಳೆಹಣ್ಣಿನ ಹಾಗೆ ಬಗ್ಗುವುದೂ ಅದೇ ಜಾತಿ.

ಹಳೇ ಪೀಟಿ ಮೇಷ್ಟ್ರು ಉತ್ತರಿಸಿದ್ದು:

ಹಾಸನದಿಂದ, ನಿವೃತ್ತ. ಫೋಟೋಗ್ರಾಫರ್ ಸಾಹೇಬರೇ, ನಿಮ್ಮ ಮೇಲೆ ಸ್ವಲ್ಪ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ. ಆ ಮಾಸ್ಟ್ರ ಜಾಗದಲ್ಲಿ ನಾನು ಬೇಕಾದಷ್ಟು ಸಲ ನಿಂತಿದ್ದೇನೆ.

ಶೂ ವಿಚಾರ ಮೊದಲು. ಗೆರೆ ದಾಟಿದ ಲೆಕ್ಕ ಪಾದಕ್ಕೂ ಇಲ್ಲ, ತಲೆಗೂ ಇಲ್ಲ, ಕೈಗೂ ಇಲ್ಲ. ಕುತ್ತಿಗೆಯಿಂದ ಕೆಳಗಿನ ಮುಂಡ ಯಾರದು ಮೊದಲು ಗೆರೆಗೆ ಬಂತೋ ಅವನು ಗೆದ್ದ. ಮಕ್ಕಳಿಗೆ "ಎದೆ ಕೊಡು, ಎದೆ ಕೊಡು" ಅಂತ ನಾವು ಕಿರುಚುವುದು ಅದಕ್ಕೇ. ಸೈಕಲ್ ರೇಸಿನಲ್ಲಿ ಮುಂದಿನ ಚಕ್ರದ ಅಂಚು, ಕುದುರೆಗೆ ಮೂಗು. ಓಟಕ್ಕೆ ಎದೆ.

ಎರಡನೆಯದು, ನೀವು ನಿಂತ ಜಾಗ. ಗೆರೆಯಿಂದ ಮೂರು ಹೆಜ್ಜೆ ಮುಂದೆ ನಿಂತು ಓರೆಯಾಗಿ ಹಿಂದಕ್ಕೆ ನೋಡಿದರೆ ಆಚೆ ಲೇನಿನವನು ಮುಂದೆ ಇದ್ದ ಹಾಗೆ ಕಂಡೇ ಕಾಣುತ್ತಾನೆ. ಗೆರೆಯ ಹಿಂದೆ ನಿಂತಿದ್ದರೆ ಉಲ್ಟಾ, ಹತ್ತಿರದ 2ನೇ ಲೇನಿನವನು ಮುಂದೆ ಕಾಣುತ್ತಿದ್ದ. ಬಸ್ಸಿನಲ್ಲಿ ಡ್ರೈವರ್ ಪಕ್ಕದ ಸೀಟಿನಿಂದ ಸ್ಪೀಡ್ ಮೀಟರ್ ಓದಿದ ಹಾಗೆ, ಮುಳ್ಳು ಎಲ್ಲೋ, ಅಂಕಿ ಎಲ್ಲೋ. ಗೆರೆಯ ನೇರಕ್ಕೇ ಕೂರಬೇಕು. ಅದಕ್ಕೇ ಅಲ್ಲವೇ ನಾವು ಮೆಟ್ಟಿಲಿನ ಸ್ಟ್ಯಾಂಡ್ ಇಟ್ಟು ಒಬ್ಬರ ತಲೆ ಮೇಲೆ ಒಬ್ಬರು ಕೂರುವುದು? ಮದುವೆ ಮನೆಯ ಗ್ರೂಪ್ ಫೋಟೋ ಅಂತ ನಿಮ್ಮಂಥವರೇ ನಗಾಡುತ್ತೀರಿ.

ಮತ್ತೆ ಸೆಕೆಂಡಿಗೆ 10 ಫೋಟೋ ಅಂದಿರಿ. 14 ವರ್ಷದ ಹುಡುಗ ಸೆಕೆಂಡಿಗೆ 7 ಮೀಟರ್ ಓಡುತ್ತಾನೆ ಅಂತಿಟ್ಟುಕೊಳ್ಳಿ. ಎರಡು ಫೋಟೋಗಳ ನಡುವೆ 70 ಸೆಂಟಿಮೀಟರ್ ಹೋಗಿರುತ್ತಾನೆ. ಗೆಲುವು ಸೋಲು ಆ ಸಂದಿನಲ್ಲೇ ಆಗಿರುತ್ತದೆ.

ನಮ್ಮ ಸ್ಟಾಪ್ ವಾಚೂ ದೇವರಲ್ಲ, ಒಪ್ಪುತ್ತೇನೆ. ಪಿಸ್ತೂಲಿನ ಸದ್ದು ಕೇಳಿ ಒತ್ತಬಾರದು, ಹೊಗೆ ನೋಡಿ ಒತ್ತಬೇಕು. ಸದ್ದು 100 ಮೀಟರ್ ಬರುವಷ್ಟರಲ್ಲಿ ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಹೋಗಿರುತ್ತದೆ. ಹೊಸಬರು ಇದನ್ನು ಎಷ್ಟು ಹೇಳಿದರೂ ಮರೆಯುತ್ತಾರೆ. ಹೊಗೆ ನೋಡಿ ಒತ್ತಿದರೂ ಬೆರಳು ತಡವಾಗುತ್ತದೆ, ಅದಕ್ಕೇ ಕೈಯಲ್ಲಿ ಹಿಡಿದ ಸಮಯವನ್ನು ಎಲೆಕ್ಟ್ರಾನಿಕ್ ಸಮಯದ ಜೊತೆ ಹೋಲಿಸುವಾಗ 0.24 ಸೇರಿಸುವ ಪದ್ಧತಿ.

ಕಣ್ಣು ಮತ್ತು ವಾಚು ಜಗಳ ಆಡಿದ ದೊಡ್ಡ ಕತೆ ಅಂದರೆ 1960ರ ರೋಮ್ ಒಲಿಂಪಿಕ್ಸ್. ಓಟ ಅಲ್ಲ, ಈಜು, 100 ಮೀಟರ್ ಫ್ರೀಸ್ಟೈಲ್. ಅಮೆರಿಕದ ಲ್ಯಾನ್ಸ್ ಲಾರ್ಸನ್ನನಿಗೆ ಮೂವರು ಹಿಡಿದ ಸಮಯ 55.0, 55.1, 55.1. ಆಸ್ಟ್ರೇಲಿಯಾದ ಜಾನ್ ಡೆವಿಟ್‌ಗೆ ಮೂವರದೂ 55.2. ಚಿನ್ನ ಯಾರಿಗೆ ಹೋಯಿತು? ಡೆವಿಟ್‌ಗೆ! ತೀರ್ಪುಗಾರರ ಕಣ್ಣಿಗೆ ಹಾಗೆ ಕಂಡಿತು, ಮುಗಿಯಿತು. ಲಾರ್ಸನ್ನನ ಸಮಯವನ್ನೂ 55.2 ಅಂತ ಬರೆದುಕೊಂಡರು. 1968ರ ಮೆಕ್ಸಿಕೋ ಹೊತ್ತಿಗೆ ಗೋಡೆಗೆ ಟಚ್ ಪ್ಯಾಡ್ ಬಂತು, ಈಜುಗಾರನೇ ಮುಟ್ಟಿ ಗಡಿಯಾರ ನಿಲ್ಲಿಸಬೇಕು.

ಓಟದಲ್ಲಿ ಈ ಸೀಳು ಕ್ಯಾಮೆರಾ 1948ರ ಲಂಡನ್ನಿನಲ್ಲೇ ಇತ್ತು. 100 ಮೀಟರಿನಲ್ಲಿ ಬಾರ್ನಿ ಯೂವೆಲ್ ತಾನೇ ಗೆದ್ದೆ ಅಂತ ಕುಣಿದ. ಚಿತ್ರ ಬಂದಾಗ ಗೆದ್ದವನು ಹ್ಯಾರಿಸನ್ ಡಿಲಾರ್ಡ್.

ನಮ್ಮವರ ಕತೆ ಹೇಳದೆ ಬಿಡುವುದಿಲ್ಲ. 1984ರ ಲಾಸ್ ಏಂಜಲೀಸ್, 400 ಮೀಟರ್ ಹರ್ಡಲ್ಸ್. ಪಿ.ಟಿ. ಉಷಾ 55.42, ರುಮೇನಿಯಾದ ಕೊಜೊಕಾರು 55.41. ಸೆಕೆಂಡಿನ ನೂರರಲ್ಲಿ ಒಂದು ಭಾಗದಲ್ಲಿ ಕಂಚು ಹೋಯಿತು. ನಾನು ಪ್ರತಿ ವರ್ಷ ಹೊಸ ಬ್ಯಾಚಿಗೆ ಈ ಲೆಕ್ಕ ಬೋರ್ಡ್ ಮೇಲೆ ಹಾಕುತ್ತಿದ್ದೆ. ಆ ಓಟದ ವೇಗ ಸೆಕೆಂಡಿಗೆ 7 ಮೀಟರಿನ ಆಸುಪಾಸು. ನೂರನೇ ಒಂದು ಭಾಗದಲ್ಲಿ ಏಳು ಸೆಂಟಿಮೀಟರ್. ಕೈ ಚಾಚಿಸಿ ನಾಲ್ಕು ಬೆರಳು ಜೋಡಿಸಿ ಹಿಡಿಯಲು ಹೇಳುತ್ತಿದ್ದೆ. "ಇಷ್ಟೇ ಕಣ್ರೋ, ಇದಕ್ಕೇ ಎದೆ ಕೊಡು ಅನ್ನೋದು." ಹುಡುಗಿಯರು ತಮ್ಮ ಬೆರಳನ್ನೇ ನೋಡುತ್ತಾ ಸುಮ್ಮನಾಗುತ್ತಿದ್ದರು.

ಗದ್ದೆ ಅಂಚು ಉತ್ತರಿಸಿದ್ದು:

ಹಾಗಾದರೆ ನಮ್ಮ ಕಂಬಳದ 2020ರ 9.55 ಸೆಕೆಂಡ್ ದಾಖಲೆ ಸುಳ್ಳಾ? ಉಸೇನ್ ಬೋಲ್ಟ್‌ನ 100 ಮೀಟರ್ ದಾಖಲೆಯೇ 9.58 ಅಲ್ವಾ?

ಹಳೇ ಪೀಟಿ ಮೇಷ್ಟ್ರು:

ಸುಳ್ಳಲ್ಲ, ಬೇರೆ ಲೆಕ್ಕ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು ಓಡಿದ್ದು 142.5 ಮೀಟರ್, 13.62 ಸೆಕೆಂಡಿನಲ್ಲಿ. ಅದನ್ನು 100 ಮೀಟರಿಗೆ ಭಾಗಿಸಿ 9.55 ಅಂದರು. ಜೊತೆಗೆ ಎರಡು ಕೋಣ ಎಳೆಯುತ್ತಿದ್ದವು. ಬೋಲ್ಟ್‌ನಿಗೆ ಕೋಣ ಕೊಟ್ಟಿರಲಿಲ್ಲ. ಹಾಗಂತ ಬೋಲ್ಟ್‌ನನ್ನು ಕೆಸರಿಗೆ ಇಳಿಸಿದರೆ ಮಂಜೊಟ್ಟಿಯವರೆಗೆ (ಕರೆಯ ಕೊನೆ) ನಿಂತುಕೊಂಡು ಬರುತ್ತಾನೆ ಅಂತಲೂ ನನಗೆ ನಂಬಿಕೆ ಇಲ್ಲ. ಎರಡನ್ನೂ ಅದರದರ ಜಾಗದಲ್ಲಿ ಬಿಡಿ.

ಅರ್ಧರಾತ್ರಿ ಕೋಡ್ ಉತ್ತರಿಸಿದ್ದು:

ಕರೆಬದಿ ಅವರೇ, ಬೇಜಾರಾಗಬೇಡಿ. ನಿಮ್ಮ ಹತ್ತಿರ ಸ್ಲೋ ಮೋಷನ್ ಇರುವ ಮೊಬೈಲ್ ಇದ್ದರೆ ಮನೆಯಲ್ಲೇ ಫೋಟೋ ಫಿನಿಶ್ ಮಾಡಬಹುದು. ನಾನು ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳ ಓಟಕ್ಕೆ ಮಾಡಿದ್ದೆ.

240 ಎಫ್‌ಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 240 ಫ್ರೇಮ್ ಹಾಗೆ, ವಿಡಿಯೋ ತೆಗೆಯಿರಿ. ಆಮೇಲೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಓಪನ್‌ಸಿವಿ (ಚಿತ್ರ, ವಿಡಿಯೋ ಕೆಲಸದ ಸಿದ್ಧ ಕೋಡ್) ಬಳಸಿ ಪ್ರತಿ ಫ್ರೇಮಿನಿಂದ ಗೆರೆಯ ಮೇಲಿನ ಒಂದೇ ಒಂದು ಪಿಕ್ಸೆಲ್ ಅಗಲದ ಕಂಬವನ್ನು ಕತ್ತರಿಸಿ ಪಕ್ಕಪಕ್ಕ ಜೋಡಿಸಿ. ಕೋಡ್ ಹತ್ತು ಹದಿನೈದು ಸಾಲು, ಬೇಕಾದರೆ ಮೆಸೇಜ್ ಮಾಡಿ, ಕಳಿಸುತ್ತೇನೆ. ಮಕ್ಕಳು ಎಡದಿಂದ ಬಲಕ್ಕೆ ಓಡುತ್ತಿದ್ದರೆ ಹೊಸ ಕಂಬವನ್ನು ಎಡಕ್ಕೆ ಸೇರಿಸುತ್ತಾ ಹೋಗಬೇಕು. ನಾನು ಮೊದಲ ಸಲ ಬಲಕ್ಕೆ ಸೇರಿಸಿ ಎಲ್ಲರೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಬಿಟ್ಟಿದ್ದರು.

240ಕ್ಕೆ ಪ್ಯಾರಿಸ್ಸಿನ ನಾಜೂಕು ಬರುವುದಿಲ್ಲ. ಸೆಕೆಂಡಿಗೆ 10 ಮೀಟರ್ ಓಡುವವನು ಎರಡು ಫ್ರೇಮ್ ನಡುವೆ 4 ಸೆಂಟಿಮೀಟರ್ ಹೋಗುತ್ತಾನೆ. 40,000ದಲ್ಲಿ ಅದು ಕಾಲು ಮಿಲಿಮೀಟರ್! ಆದರೆ ಶಾಲೆ ಮಕ್ಕಳಿಗೆ ಹೆಚ್ಚೆಂದರೆ 3 ಸೆಂಟಿಮೀಟರ್ ಆಚೀಚೆ, ಧಾರಾಳ ಸಾಕು. ಯಾರು ಮೊದಲು ಅನ್ನುವುದಷ್ಟೇ ಬೇಕಾದರೆ ಪಿಸ್ತೂಲಿನ ತಲೆಬಿಸಿಯೂ ಇಲ್ಲ.

ಕಷ್ಟ ಇರುವುದು ಕೋಡಿನಲ್ಲಲ್ಲ, ಮೊಬೈಲ್ ಇಡುವುದರಲ್ಲಿ. ಟ್ರ್ಯಾಕಿನ ಆ ಬದಿ ಈ ಬದಿ, ಗೆರೆಯ ನೇರಕ್ಕೆ ಎರಡು ಬಿದಿರು ನೆಡಿ. ಮೊಬೈಲಿನಲ್ಲಿ ನೋಡಿದಾಗ ಹತ್ತಿರದ ಬಿದಿರು ದೂರದ ಬಿದಿರನ್ನು ಪೂರ್ತಿ ಮುಚ್ಚಬೇಕು. ಆಚೆಯದು ಒಂದು ಚೂರು ಇಣುಕಿದರೂ ನೀವು ಗೆರೆಯ ನೇರಕ್ಕಿಲ್ಲ. ಜಾಗ ಸಿಕ್ಕ ಮೇಲೆ ಹತ್ತಿರದ್ದನ್ನು ಕಿತ್ತುಬಿಡಿ, ಇಲ್ಲದಿದ್ದರೆ ಚಿತ್ರಪೂರ್ತಿ ಬಿದಿರೇ ಬರುತ್ತದೆ. ಮೊಬೈಲ್ ಆದಷ್ಟು ಎತ್ತರದಲ್ಲಿರಲಿ, ಇಲ್ಲದಿದ್ದರೆ ಈಚೆ ಲೇನಿನವನು ಆಚೆಯವನನ್ನು ಮರೆ ಮಾಡುತ್ತಾನೆ. ಒಲಿಂಪಿಕ್ಸಿನಲ್ಲಿ ಎರಡೂ ಬದಿಗೆ ಕ್ಯಾಮೆರಾ ಇಡುವುದು ಅದಕ್ಕೇ.

ಬಿಸಿಲಿನಲ್ಲೇ ಮಾಡಿ. ರಾತ್ರಿ ಲೈಟಿನ ಕೆಳಗೆ ತೆಗೆದರೆ ಪಟ್ಟೆಪಟ್ಟೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಇದಕ್ಕೆ ಗೊತ್ತಾಗುತ್ತದೆ.

ಕರೆಬದಿ ಕ್ಯಾಮೆರಾ:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ನೀವು ಬೈದದ್ದು ಸರಿ.

ಕೋಡ್ ತರಿಸಿಕೊಂಡು ಭಾನುವಾರ ಮನೆ ಎದುರಿನ ರಸ್ತೆಯಲ್ಲಿ ಪ್ರಯೋಗ ಮಾಡಿದೆ. ಮೊಬೈಲನ್ನು ತೆಂಗಿನಮರಕ್ಕೆ ಹಳೇ ಬೈರಾಸಿನಲ್ಲಿ ಬಿಗಿದು ಕಟ್ಟಿದೆ. ರಸ್ತೆಗೆ ಅಡ್ಡವಾಗಿ ಸುಣ್ಣದ ಗೆರೆ. ಮಗ ಸೈಕಲಿನಲ್ಲಿ ದಾಟಿದ. ಮೊದಲ ಸಲ ಬಂದ ಚಿತ್ರದಲ್ಲಿ ಅವನು ಅಗರಬತ್ತಿಯಷ್ಟು ಸಪೂರ. ಕೋಡ್ ಕೊಟ್ಟವರಿಗೆ ಮೆಸೇಜ್ ಮಾಡಿದರೆ, ಸೆಕೆಂಡಿಗೆ 240 ಪಿಕ್ಸೆಲ್ ಅಗಲವಷ್ಟೇ ಸಿಗುವುದು, ಅಡ್ಡಕ್ಕೆ ಹನ್ನೆರಡು ಹದಿಮೂರು ಪಟ್ಟು ಎಳೆಯಿರಿ ಅಂದರು. ಎಳೆದೆ. ಆಗ ನಿಧಾನವಾಗಿ ಹೋದ ಸಲದ ಸೈಕಲ್ ಬಸ್ಸಿನಷ್ಟು ಉದ್ದ, ಚಕ್ರ ದೊಡ್ಡ ಮೊಟ್ಟೆ. ಜೋರಾಗಿ ತುಳಿದ ಸಲ ಚಕ್ರ ಹೆಚ್ಚುಕಡಿಮೆ ಗುಂಡಗೆ. ಆದರೆ ಕಡ್ಡಿಗಳೆಲ್ಲ ಬಿಲ್ಲಿನ ಹಾಗೆ ಬಗ್ಗಿವೆ. ಚಕ್ರದ ಮೇಲ್ಭಾಗ ಜೋರಾಗಿ ಮುಂದೆ ಹೋಗ್ತದೆ, ನೆಲ ಮುಟ್ಟಿದ ಭಾಗ ಆ ಕ್ಷಣಕ್ಕೆ ನಿಂತಿರ್ತದೆ, ಅದರ ಆಟ ಇದು. ಇಷ್ಟು ವರ್ಷ ಚಕ್ರ ನೋಡಿದ್ದೇನೆ, ಇದು ಹೊಳೆದೇ ಇರಲಿಲ್ಲ.

ನಡುವೆ ಪಕ್ಕದ ಮನೆಯ ನಾಯಿ ಎದುರು ದಿಕ್ಕಿನಿಂದ ದಾಟಿಕೊಂಡು ಹೋಯಿತು. ಸಾರ್ಟೆಕ್ಸ್ ಅವರು ಹೇಳಿದ ಹಾಗೇ ಆಯ್ತು! ಚಿತ್ರದಲ್ಲಿ ನಾಯಿ ಮಗನ ಸೈಕಲ್ಲನ್ನೇ ಅಟ್ಟಿಸಿಕೊಂಡು ಹೋಗುತ್ತಿದೆ. ಗೆರೆಯ ಮೇಲೆ ಒಂದು ಗಳಿಗೆ ನಿಂತು ಮೂಸಿತು ನೋಡಿ, ಅಲ್ಲಿ ಮೂತಿ ಮೊಸಳೆಯಷ್ಟು ಉದ್ದವಾಗಿದೆ. ಇದನ್ನು ನೋಡಿ ಮನೆಯವಳು ನಕ್ಕು ನಕ್ಕು ಕೂತುಬಿಟ್ಟಳು.

ಆಮೇಲೆ ಇನ್ನೊಂದು ಮಾಡಿದೆ. ಮಗನನ್ನೂ ಅವನ ಗೆಳೆಯನನ್ನೂ ಗೆರೆ ಮೇಲೆ ಐದು ಹೆಜ್ಜೆ ಅಂತರದಲ್ಲಿ, ಎದೆಗೆ ಎದೆ ಸರಿಯಾಗಿ ನಿಲ್ಲಿಸಿ, ನಾನು ಮೂರು ಹೆಜ್ಜೆ ಮುಂದೆ ಹೋಗಿ ಒಂದು ಫೋಟೋ, ಮೂರು ಹೆಜ್ಜೆ ಹಿಂದೆ ಬಂದು ಒಂದು ಫೋಟೋ. ಒಂದರಲ್ಲಿ ಆಚೆಯವನು ಗೆದ್ದ, ಇನ್ನೊಂದರಲ್ಲಿ ಈಚೆಯವನು. ಇಬ್ಬರೂ ಅಲುಗಾಡದೆ ನಿಂತಿದ್ದರು!

ಎರಡು ಫೋಟೋವನ್ನೂ ಹಿಡಿದುಕೊಂಡು ಸೋಮವಾರ ಪೀಟಿ ಮಾಸ್ಟ್ರ ಹತ್ತಿರ ಹೋದೆ. ಅವರು ವಾಲಿಬಾಲಿಗೆ ಗಾಳಿ ಹಾಕುತ್ತಿದ್ದರು. ತಪ್ಪಾಯಿತು ಅಂದೆ. ಫೋಟೋ ತಿರುಗಿಸಿ ತಿರುಗಿಸಿ ನೋಡಿದರು. "ಇದನ್ನೂ ಗ್ರೂಪಿಗೆ ಹಾಕ್ತೀರಾ?" ಅಂತ ಕೇಳಿದರು. ಅಲ್ಲೇ ನಿಂತು ಹಾಕಿದೆ. ಮುಂದಿನ ವರ್ಷ ಸುಣ್ಣ ಹಾಕುವ ದಿನವೇ ಎರಡು ಬಿದಿರು ತಗೊಂಡು ಬನ್ನಿ ಅಂದರು.

ಈಗ ಉಳಿದಿರುವುದು ಆ 8-12 ಪ್ರಿಂಟು. 6ನೇ ಲೇನಿನ ಹುಡುಗನ ಮನೆಯಲ್ಲಿ ಫ್ರೇಮ್ ಹಾಕಿ ಟೀವಿ ಮೇಲೆ ತೂಗಹಾಕಿದ್ದಾರಂತೆ. ಅವನ ಅಪ್ಪನಿಗೆ ಹೇಗೆ ಹೇಳುವುದು?

ಹಳೇ ಪೀಟಿ ಮೇಷ್ಟ್ರು:

ಹುಡುಗ ಎದೆ ಕೊಟ್ಟಿದ್ದಾನಾ ಆ ಫೋಟೋದಲ್ಲಿ?

ಕರೆಬದಿ ಕ್ಯಾಮೆರಾ:

ಇಲ್ಲ ಮೇಷ್ಟ್ರೇ. ಪಕ್ಕಕ್ಕೆ ತಿರುಗಿ 2ನೇ ಲೇನಿನವನನ್ನೇ ನೋಡ್ತಾ ಇದ್ದಾನೆ.

ಹಳೇ ಪೀಟಿ ಮೇಷ್ಟ್ರು:

ಹಾಗಾದರೆ ತೆಗೆಸಬೇಡಿ, ಅಲ್ಲೇ ಇರಲಿ. ಅದನ್ನು ಅಪ್ಪನಿಗಲ್ಲ, ಹುಡುಗನಿಗೆ ತೋರಿಸಿ.